ಮೂರನೇ ಮಹಡಿಯ ವಿಳಾಸ

ಹುಲಿಗೆಪ್ಪ ಪೊಲೀಸರ ಕೈಗೆ ಸಿಕ್ಕಿದ್ದು ಟಿಕೆಟ್ಟಿಲ್ಲದೆ ರೈಲು ಹತ್ತಿದ್ದಕ್ಕೆ. ರಿಮ್ಯಾಂಡ್ ಹೋಮ್ ಸೇರಿದ್ದು ಮಾತ್ರ ನಿಜ ಹೇಳಿದ್ದಕ್ಕೆ. ೧೯೭೯ರ ಜನವರಿಯಲ್ಲಿ ಆ ಹದಿಮೂರರ ಹುಡುಗ ಜೇಜುರಿಯ ಜಾತ್ರೆಗೆ ಹೋಗಿ, ಹಣೆತುಂಬ ಭಂಡಾರ ಬಳಿದುಕೊಂಡು ಪುಣೆ ಸ್ಟೇಷನ್ನಿನಲ್ಲಿ ಇಳಿದಿದ್ದ. ಮನೆ ಎಲ್ಲಿ ಎಂದು ಹವಾಲ್ದಾರ ಕೇಳಿದ. ಕೋಥರೂಡದ ಹೊಸ ಕಟ್ಟಡ, ಮೂರನೇ ಮಹಡಿ ಎಂದ. ಮನೆ ನಂಬರು? ಇನ್ನೂ ಬಾಗಿಲೇ ಕೂಡಿಸಿಲ್ಲ ಎಂದ. ಅಪ್ಪ ತೀರಿಕೊಂಡಿದ್ದಾನೆ, ಅವ್ವ ಇಟ್ಟಿಗೆ ಹೊರುತ್ತಾಳೆ ಎಂದ. ಹವಾಲ್ದಾರ ಎಲ್ಲವನ್ನೂ ಕೇಳಿಸಿಕೊಂಡು, ‘ಮನೆಯಿಲ್ಲ, ಪಾಲಕರಿಲ್ಲ’ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸಿದ.

ಅವನ ತಾಯಿ ಚಂದಮ್ಮ ಸೇಡಂ ಕಡೆಯವಳು. ಐದು ದಿನ ಆಸ್ಪತ್ರೆ, ಕಾಲುವೆ, ಬಸ್ ಸ್ಟ್ಯಾಂಡು ಎಲ್ಲ ಹುಡುಕಿದಳು. ಆರನೆಯ ದಿನ ಕೂಲಿಯವರ ಮೇಲಿನ ಮುಕಾದಮ ಮಧುಕರ ಠಾಣೆಯಲ್ಲಿ ವಿಚಾರಿಸಿ ಬಂದು ಸುದ್ದಿ ಹೇಳಿದಾಗ ಮರಳಿನ ಗುಡ್ಡೆಯ ಮೇಲೆ ಹಾಗೇ ಕೂತುಬಿಟ್ಟಳು. ಮರುದಿನ ಕೂಲಿ ಬಿಟ್ಟು ಹೋದರೆ ಗೇಟಿನವನು ಬೋರ್ಡು ತೋರಿಸಿದ. ಭೇಟಿ ಏನಿದ್ದರೂ ಎರಡನೇ ಮತ್ತು ನಾಲ್ಕನೇ ಭಾನುವಾರ, ಹದಿನೈದು ನಿಮಿಷ. ಓದಲು ಬಾರದ ಚಂದಮ್ಮ ಬೋರ್ಡಿಗೇ ಕೈಮುಗಿದು ಹಿಂದಿರುಗಿದಳು.

ಭಾನುವಾರ ಬಂತು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಮಗನ ಎದುರಿನ ಬೆಂಚಿನ ಮೇಲೆ ಕೂತಳು. ಬಾಯಿ ತೆರೆಯುವಷ್ಟರಲ್ಲಿ ಮೇಲ್ವಿಚಾರಕಿ ಸಾವಿತ್ರಿಬಾಯಿ ತಡೆದಳು. ಆಡುವ ಮಾತು ಸಿಬ್ಬಂದಿಗೆ ತಿಳಿಯಬೇಕು, ಅದು ನಿಯಮ. ಕನ್ನಡ ಅವಳಿಗೆ ತಿಳಿಯದು. ಕೊನೆಗೆ ಆಫೀಸಿನಿಂದ ಗುಮಾಸ್ತ ಬಿಂದುಮಾಧವರನ್ನು ಕರೆಸಿದರು. ಅವರು ಧಾರವಾಡದವರು, ಪುಣೆಗೆ ಬಂದು ಇಪ್ಪತ್ತು ವರ್ಷವಾಗಿತ್ತು.

“ಯಾವೂರವಾ ನಿಮ್ದು?” ಎಂದರು, ಕುರ್ಚಿ ಎಳೆದುಕೊಂಡು.

“ಸೇಡಂ ಹತ್ರ ಹಳ್ಳಿರಿ ಸಾಹೇಬ್ರ.”

“ಹಂಗಾರ ಇದು ಬಿಳಿಜ್ವಾಳದ ರೊಟ್ಟಿ ಇರಬೇಕಲ್ಲ?”

ಹೊರಗಿನ ತಿಂಡಿಯನ್ನು ಪರೀಕ್ಷಿಸಿಯೇ ಒಳಗೆ ಬಿಡಬೇಕೆಂಬುದೂ ನಿಯಮವೇ. ಬಿಂದುಮಾಧವರು ಒಂದು ಚೂರು ಮುರಿದು ಪರೀಕ್ಷಿಸಿದರು, ಚಟ್ನಿ ಹಚ್ಚಿ ಇನ್ನೊಂದು ಚೂರು ಪರೀಕ್ಷಿಸಿದರು, ಹಾಗೆ ಒಂದಿಡೀ ರೊಟ್ಟಿಯ ಪರೀಕ್ಷೆ ಮುಗಿಯಿತು. ಅದನ್ನು ಅವರು ತಮ್ಮ ಮಡಿಯ ಮನೆಯಲ್ಲಿ ಹೇಳುವವರಲ್ಲ. ಮಳೆ ಹೇಗೆ, ತೊಗರಿ ಹೇಗೆ ಎಂದು ಕೇಳುತ್ತ ಹೋದಂತೆ ಅವರ ಮುಖ ಅರಳುತ್ತಿತ್ತು. ಗೋಡೆಯ ಗಡಿಯಾರ ಓಡುತ್ತಿತ್ತು. ತಾಯಿಮಗನಿಗೆ ಉಳಿದದ್ದು ಎರಡು ಮಾತು.

“ಉಂಡಿಯೇನೋ?”

“ಉಂಡೀನಬೇ. ಇಲ್ಲಿ ದಿನಾ ಹಾಲು ಕೊಡತಾರ.”

ಮಗನ ಕೆನ್ನೆ ತುಂಬಿಕೊಂಡಿದ್ದನ್ನು ಚಂದಮ್ಮ ಆಗಲೇ ನೋಡಿದ್ದಳು. ಸಂತೋಷಪಡಬೇಕಾಗಿತ್ತು. ದಾರಿಯುದ್ದಕ್ಕೂ ಅತ್ತಳು.

ಹುಡುಗನನ್ನು ಬಿಡುವ ಮೊದಲು ಅಧಿಕಾರಿಯೊಬ್ಬರು ಮನೆ ನೋಡಿ ವರದಿ ಕೊಡಬೇಕಾಗಿತ್ತು. ಅವರು ಪುರುಸೊತ್ತು ಮಾಡಿಕೊಂಡು ಹೋದದ್ದು ಮಾರ್ಚಿನಲ್ಲಿ. ಅಷ್ಟರಲ್ಲಿ ಕಟ್ಟಡ ಮುಗಿದು, ಕೂಲಿಯವರು ಎರಡು ಮೈಲಿ ಆಚೆ ಬೇರೆ ಕೆಲಸಕ್ಕೆ ಹೋಗಿ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಮೂರನೇ ಮಹಡಿಯಲ್ಲಿ ಬಾಗಿಲು ತೆರೆದವರು ಗೌರಾಬಾಯಿ ಎಂಬ ವಯಸ್ಸಾದ ವಿಧವೆ. ಚಂದಮ್ಮ ಎಂಬವರು ಇಲ್ಲಿ ಯಾರೂ ಇಲ್ಲ ಎಂದರು. ಅಧಿಕಾರಿ ‘ವಿಳಾಸ ಸುಳ್ಳು’ ಎಂದು ಬರೆದರು.

ಮುಂದಿನ ಭೇಟಿಯ ದಿನ ಬಿಂದುಮಾಧವರು ಅದನ್ನು ಓದಿ ಹೇಳಿದರು.

“ಆ ಮಜಲಾದ ಇಟ್ಟಂಗಿ ನಾನೇ ಹೊತ್ತೀನ್ರಿ ಸಾಹೇಬ್ರ. ಅಲ್ಲೇ ಒಂದು ವರ್ಷ ಇದ್ದೀವ್ರಿ.”

“ಹೊತ್ತರ ಅಡ್ರೆಸ್ ಆಗಂಗಿಲ್ಲ ನೋಡವಾ. ಬಾಗಲಾ ಹಾಕ್ಕೊಂಡು ಒಳಗ ಇರಬೇಕು.”

ಚಂದಮ್ಮ ಅಲ್ಲಿಂದ ನೇರವಾಗಿ ಕೋಥರೂಡಕ್ಕೆ ನಡೆದಳು. ಗೌರಾಬಾಯಿ ಬಾಗಿಲನ್ನು ಒಂದು ಗೇಣಷ್ಟೇ ತೆರೆದರು. ತನ್ನ ಹರಕು ಮರಾಠಿಯಲ್ಲಿ ಚಂದಮ್ಮ, ಮಗ ಸುಳ್ಳು ಹೇಳಿಲ್ಲ, ಈ ಮನೆಯ ಅಡುಗೆಕೋಣೆಯ ಪಕ್ಕದ ಮೂಲೆಯಲ್ಲಿ ನಮ್ಮ ಒಲೆಯಿತ್ತು, ಗೋಡೆ ಕಪ್ಪಾಗಿದ್ದಕ್ಕೆ ಮುಕಾದಮ ಬೈದು ಎರಡು ಸಲ ಸುಣ್ಣ ಹೊಡೆಸಿದ ಎಂದಳು.

ಗೌರಾಬಾಯಿ ಬಾಗಿಲನ್ನು ಪೂರ್ತಿ ತೆರೆದು ಒಳಗೆ ಕರೆದೊಯ್ದರು. ಅದೇ ಮೂಲೆಯಲ್ಲಿ ಸುಣ್ಣದ ಅಡಿಯಿಂದ ಕಪ್ಪು ಮತ್ತೆ ಮೇಲೆದ್ದಿತ್ತು. ಮನೆಗೆ ಬಂದ ದಿನದಿಂದ ಅದಕ್ಕಾಗಿ ಅವರು ಬಿಲ್ಡರನ ಜೊತೆ ಜಗಳವಾಡುತ್ತಿದ್ದರು.

“ಹಾಗಾದರೆ ಇದು ನಿನ್ನ ಕೆಲಸ,” ಎಂದರು ಮರಾಠಿಯಲ್ಲಿ. ಚಂದಮ್ಮ ತಲೆ ತಗ್ಗಿಸಿ ಹೌದೆಂದಳು. ಬಂದ ಕೆಲಸ ಕೆಟ್ಟಿತೆಂದೇ ಅವಳ ಎಣಿಕೆ. ಆದರೆ ಗೌರಾಬಾಯಿಗೆ ಪಾತ್ರೆ ತಿಕ್ಕಲು ಒಬ್ಬಳು ಬೇಕಾಗಿದ್ದಳು. ಮೇಲಾಗಿ ಆ ಅಧಿಕಾರಿ ಚಪ್ಪಲಿ ಬಿಡದೆ ಒಳಗೆ ಬಂದದ್ದು ಅವರ ಮನಸ್ಸಿನಲ್ಲಿ ಇನ್ನೂ ಇತ್ತು. ಕೂತು ಕಾಗದ ಬರೆದರು: ಚಂದಮ್ಮ ನಮ್ಮ ಮನೆಗೆಲಸದವಳು, ಮಗನೊಂದಿಗೆ ಇಲ್ಲೇ ಇರುತ್ತಾಳೆ, ಅಂದು ಹೆಸರು ಹೊಳೆಯದೆ ಇಲ್ಲವೆಂದಿದ್ದೆ.

ನಿಜ ಹೇಳಿ ಒಳಗೆ ಹೋದ ಹುಡುಗ ಈ ಕಾಗದದಿಂದ ಹೊರಗೆ ಬಂದ. ಮ್ಯಾಜಿಸ್ಟ್ರೇಟರು ವಿಳಾಸ ನೋಡಿ ಮೆಚ್ಚಿಕೊಂಡರು. ಒಂದು ವರ್ಷ ಅಧಿಕಾರಿ ತಿಂಗಳಿಗೊಮ್ಮೆ ಮನೆಗೆ ಹೋಗಿ ನೋಡಬೇಕೆಂದು ಮಾತ್ರ ಷರತ್ತು ಹಾಕಿದರು.

ಅಂದಿನಿಂದ ಚಂದಮ್ಮ ಕೂಲಿ ಮುಗಿಸಿ ಸಂಜೆ ಬಂದು ಪಾತ್ರೆ ತಿಕ್ಕಿ ಹೋಗುತ್ತಿದ್ದಳು. ತಿಂಗಳ ಮೊದಲ ಸೋಮವಾರ ಮಾತ್ರ ಸ್ನಾನ ಮಾಡಿ, ಹುಲಿಗೆಪ್ಪನಿಗೆ ಎಣ್ಣೆ ಹಚ್ಚಿ ತಲೆ ಬಾಚಿ, ಶೆಡ್ಡಿನಿಂದ ಎರಡು ಮೈಲಿ ನಡೆದು ತಮ್ಮ ಮನೆಯಲ್ಲಿ ಇರಲು ಬರುತ್ತಿದ್ದಳು. ಅಧಿಕಾರಿ ಬರುವ ಹೊತ್ತಿಗೆ ಹುಡುಗ ಕಿಟಕಿಯ ಬಳಿ ಪಾಟಿ ಹಿಡಿದು ಕೂತಿರುತ್ತಿದ್ದ. ಅವನನ್ನು ಹಾಗೆ ಕೂಡಿಸಿ ಕೂಡಿಸಿ ಗೌರಾಬಾಯಿ ನಿಜವಾಗಿಯೇ ಓದಿಸತೊಡಗಿದ್ದರು. ‘ಮನೆ ಗಾಳಿ ಬೆಳಕಿನದು, ವಾತಾವರಣ ಉತ್ತಮ’ ಎಂದು ಅಧಿಕಾರಿ ಪ್ರತಿ ಸಲವೂ ಬರೆಯುತ್ತಿದ್ದರು.

ಕೊನೆಯ ಭೇಟಿಯ ದಿನ ಅವರು ಚಹಾ ಮುಗಿಸಿ, ಹುಡುಗನ ಬೆನ್ನು ತಟ್ಟಿ, ಇಂಥ ಮನೆ ಬಿಟ್ಟು ಇನ್ನೆಲ್ಲೂ ಅಲೆಯಬೇಡ ಎಂದು ಬುದ್ಧಿ ಹೇಳಿದರು. ಇಲ್ಲ ಸಾಹೇಬರೆ ಎಂದ ಹುಲಿಗೆಪ್ಪ, ಅಚ್ಚ ಮರಾಠಿಯಲ್ಲಿ. ಅವರ ಸ್ಕೂಟರು ತಿರುವು ದಾಟುವವರೆಗೆ ತಾಯಿಮಗ ಕಿಟಕಿಯಲ್ಲಿ ನಿಂತರು. ಆಮೇಲೆ ಚಂದಮ್ಮ ಚಹಾದ ಕಪ್ಪು-ಬಸಿ ತೊಳೆದಿಟ್ಟು, ಮಗನನ್ನು ಕರೆದುಕೊಂಡು ಶೆಡ್ಡಿನ ದಾರಿ ಹಿಡಿದಳು.