ಬರಿಗಾಲು

"ಬೆಟ್ಟಯ್ಯ, ಮೊದ್ಲು ಚಪ್ಪಲಿ ಆಕ್ಕಳಿ" ಎಂದು ಸಿಂಧು ಚಟ್ಟದ ಬಿದಿರನ್ನು ಹಿಡಿದು ನಿಲ್ಲಿಸಿದಳು.

ಬೆಟ್ಟಯ್ಯ ಆಗಲೇ ಬಾಗಿ ಬಿದಿರಿಗೆ ಹೆಗಲು ಕೊಟ್ಟಿದ್ದ. ಅವನ ದಪ್ಪ ರಬ್ಬರಿನ ಚಪ್ಪಲಿಗಳು ಬೇವಿನ ಮರದ ಬುಡದಲ್ಲಿದ್ದವು. ಹೊರಲು ಬಂದಿದ್ದ ಉಳಿದ ಮೂವರೂ ಬರಿಗಾಲಲ್ಲೇ ನಿಂತಿದ್ದರು.

ಚಟ್ಟದ ಮೇಲೆ ಮಲಗಿದ್ದವರು ಮಂಗಳಮ್ಮ ಸಿಸ್ಟರ್. ಕವಲಂದೆಯ ಹೊರಗಿನ ಈ ಮಿಷನ್ ಆಸ್ಪತ್ರೆಯಲ್ಲಿ ಮೂವತ್ತೊಂಬತ್ತು ವರ್ಷ ನರ್ಸಾಗಿದ್ದವರು. ಹಿಂದಿನ ದಿನ ಬೆಳಿಗ್ಗೆ ಎಂಟನೆಯ ರೋಗಿಯ ಕಾಲಿಗೆ ಕಟ್ಟು ಕಟ್ಟಿ, "ಒಂಚೂರು ನೀರು ಕುಡ್ಕಂಡ್ ಬತ್ತೀನಿ" ಎಂದು ಒಳಗೆ ಹೋದವರು ಅಲ್ಲೇ ಕುಸಿದರು. ಅಲ್ಲೇ ಕಿರಿಯ ನರ್ಸಾಗಿದ್ದ ಸಿಂಧು ಓಡಿ ಹೋಗಿ ಎದೆ ಒತ್ತಿದಳು. ಎದೆ ಮತ್ತೆ ಬಡಿಯಲಿಲ್ಲ. ಹೊರಗೆ ಒಂಬತ್ತನೆಯವನು ಕಾಲು ಚಾಚಿಕೊಂಡು ಕಾಯುತ್ತಲೇ ಇದ್ದ.

"ಹೆಣ ಹೊರೋರು ಚಪ್ಪಲಿ ಆಕ್ಕತಾರೇನವ್ವ? ಯಾವೂರು ನಿಂದು?" ಎಂದರು ದೊಡ್ಡಮಾದಯ್ಯ. ಅವರು ಮಂಗಳಮ್ಮನ ಅಣ್ಣ. ಮಣ್ಣು ಮಾಡುವುದು ಅವರ ಹೊಲದಲ್ಲೇ ಎಂದು ತೀರ್ಮಾನವಾಗಿತ್ತು.

"ಟಿ. ನರಸೀಪುರ. ಅಲ್ಲೂ ಆಕ್ಕಳಲ್ಲ ಯಜಮಾನ್ರೆ. ಆದ್ರೆ ಇವ್ರ ಅಂಗಾಲು ಸಕ್ಕರೆ ಕಾಯಿಲೇಲಿ ಮರಗಟ್ಟೋಗದೆ. ಟಾರು ಸುಟ್ರೂ ಗೊತ್ತಾಗಲ್ಲ. ನಿಮ್ಮ ಹೊಲ ಒಂದೂವರೆ ಕಿಲೋಮೀಟ್ರು ಐತೆ."

"ಸಿಸ್ಟ್ರೇ, ಇವತ್ತೊಂದಿನ ಬುಟ್ಬುಡಿ" ಎಂದ ಬೆಟ್ಟಯ್ಯ. "ಅವ್ವಂಗೆ ಹೆಗಲು ಕೊಡ್ದೆ ಇದ್ರೆ ನಾನು ಯಾಕಾದ್ರೂ ಬದುಕವ್ನಿ?"

ತಮಟೆಯವರು ಬಡಿಯುವುದನ್ನು ನಿಲ್ಲಿಸಿ ನೋಡತೊಡಗಿದರು.

*

ಆರು ವರ್ಷದ ಹಿಂದೆ ಬೆಟ್ಟಯ್ಯನನ್ನು ಅವನ ಹೆಂಡತಿ ಆಟೋದಲ್ಲಿ ಕರೆತಂದಿದ್ದಳು. ಅಂಗಾಲಿಗೆ ಜಾಲಿಮುಳ್ಳು ಮುರಿದುಕೊಂಡು ಹನ್ನೊಂದು ದಿನವಾಗಿದ್ದರೂ ಅವನಿಗೆ ಗೊತ್ತೇ ಆಗಿರಲಿಲ್ಲ. ವಾಸನೆ ಬಂದದ್ದು ಹೆಂಡತಿಗೆ. ಪಟ್ಟಣದ ಡಾಕ್ಟರು ಮೊಣಕಾಲಿನ ಕೆಳಗೆ ತೆಗೆಯಬೇಕಾಗಬಹುದು ಎಂದಿದ್ದರಂತೆ.

ಮಂಗಳಮ್ಮ ಮೋಟು ಸ್ಟೂಲಿನ ಮೇಲೆ ಕೂತು ಆ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಮೂಗು ಮುಚ್ಚಲಿಲ್ಲ. ಬಹಳ ಹೊತ್ತು ನೋಡಿದರು.

"ಎಬ್ಬೆಟ್ಟು ಓಯ್ತದೆ. ಅದನ್ನ ಡಾಕ್ಟ್ರು ತೆಗೀಲಿ. ಮಿಕ್ಕಿದ್ದನ್ನ ಉಳ್ಸಕೆ ನೋಡ್ತೀನಿ. ದಿನಾ ಬರಬೇಕು."

"ಎಷ್ಟು ದಿನ ಅವ್ವ?"

"ನಾನು ಸಾಕು ಅನ್ನೋಗಂಟ."

ಐದು ತಿಂಗಳು ಬಂದ. ನಡುವೆ ಒಮ್ಮೆ ಹರಕೆಯೆಂದು ನಂಜನಗೂಡಿನ ದೇವಸ್ಥಾನದ ಅಂಗಳದಲ್ಲಿ ಬಿಸಿಲಲ್ಲಿ ಬರಿಗಾಲಲ್ಲಿ ಸುತ್ತಿ, ಬೊಬ್ಬೆ ಎಬ್ಬಿಸಿಕೊಂಡು ಬಂದ. ಮಂಗಳಮ್ಮನಿಗೆ ರೇಗಿಹೋಯಿತು. "ದೇವ್ರು ನಿನ್ನ ಕಾಲು ಕೇಳಿದ್ನೇನೋ? ಎತ್ತಿನ ಗೊರಸು ದಿನಾ ನೋಡ್ತೀಯ, ನಿನ್ನ ಕಾಲು ನೋಡ್ಕಳಕ್ಕೆ ಏನು ದಾಡಿ?" ಎಂದು ಇಡೀ ವರಾಂಡಕ್ಕೆ ಕೇಳುವಂತೆ ಬೈದರು. ಬೈಯುತ್ತಲೇ ಗಾಯ ತೊಳೆದರು. ಅಂದಿನಿಂದ ಇವತ್ತಿನವರೆಗೂ ಬೆಟ್ಟಯ್ಯ ಬರಿಗಾಲಲ್ಲಿ ಅಂಗಳಕ್ಕೂ ಇಳಿದಿರಲಿಲ್ಲ.

*

"ನಿಮ್ಮ ಆಸ್ಪತ್ರೆ ಕಾನೂನು ಇಲ್ಲಿ ಬ್ಯಾಡ" ಎಂದರು ದೊಡ್ಡಮಾದಯ್ಯ. "ಹೊತ್ತಾಯ್ತದೆ, ಎತ್ರಲಾ."

ಯಾರೂ ಎತ್ತಲಿಲ್ಲ. ಸಿಂಧುವಿನ ಕೈ ಬಿದಿರಿನ ಮೇಲೆಯೇ ಇತ್ತು. ಅವಳು ಈ ಆಸ್ಪತ್ರೆಗೆ ಬಂದು ಎರಡೇ ವರ್ಷ. ಊರಿನ ಹಿರಿಯರ ಎದುರು ಹೀಗೆ ನಿಂತದ್ದು ಇದೇ ಮೊದಲು.

"ಯಜಮಾನ್ರೆ, ಇವ್ರು ಈಗ ಬರಿಗಾಲಲ್ಲಿ ಓದ್ರೆ ನಾಳೆ ಆ ಸ್ಟೂಲ್ ಮೇಲೆ ಕೂತು ಕಟ್ಟು ಕಟ್ಬೇಕಾದೋಳು ನಾನು. ಸಿಸ್ಟರ್ ಐದು ತಿಂಗ್ಳು ಮಾಡಿದ್ದನ್ನ ಅವ್ರ ಚಟ್ಟದ ಕೆಳಗೇ ಹಾಳು ಮಾಡಕ್ಕೆ ನಾನು ಬಿಡಲ್ಲ."

ಗುಂಪಿನಲ್ಲಿ ಒಬ್ಬಳು ಮುದುಕಿ, "ಸರಿಯಾಗೇ ಯೋಳ್ತಾವ್ಳೆ. ಮಂಗಳವ್ವ ಇದ್ದಿದ್ರೆ ಇಷ್ಟೊತ್ಗೆ ಎಲ್ರಿಗೂ ಉಗಿದಿರೋಳು" ಎಂದಳು. ಅಳುತ್ತಿದ್ದವರಲ್ಲಿ ಕೆಲವರು ನಕ್ಕುಬಿಟ್ಟರು.

ದೊಡ್ಡಮಾದಯ್ಯ ನಗಲಿಲ್ಲ. ತಂಗಿಯ ಮುಖವನ್ನು ನೋಡುತ್ತ ನಿಂತರು.

*

ತಂಗಿಯನ್ನು ಮೈಸೂರಿಗೆ ನರ್ಸಿಂಗ್ ಓದಲು ಬಸ್ ಹತ್ತಿಸಿದ್ದು ಅವರೇ. ಅವಳು ದೊಡ್ಡಾಸ್ಪತ್ರೆಯಲ್ಲಿ ಕೆಲಸಕ್ಕೆ ಸೇರುತ್ತಾಳೆಂದುಕೊಂಡಿದ್ದರು. ಅವಳು ಊರ ಪಕ್ಕದಲ್ಲೇ, ಆಗ ಕುಷ್ಠದವರೇ ಹೆಚ್ಚು ಬರುತ್ತಿದ್ದ ಮಿಷನ್ನಿಗೆ ಸೇರಿದಳು. ಗಂಡು ನೋಡಲು ಬಂದವರು ಕೆಲಸ ಬಿಡಬೇಕೆಂದರು. ಬಿಡಲಿಲ್ಲ.

ಒಂದು ಯುಗಾದಿಯ ದಿನ ಊಟಕ್ಕೆ ಬಂದವಳಿಗೆ ಜಗಲಿಯಲ್ಲೇ ಎಲೆ ಹಾಕಿಸಿದರು. "ನಮ್ಮನೆ ಹೆಣ್ಣು ಊರೋರ ಕಾಲು ಹಿಡೀತಾಳೆ ಅಂತವ್ರೆ" ಎಂದರು.

"ಊಂ ಅಣ್ಣ, ಹಿಡೀತೀನಿ. ಗಟ್ಟಿಯಾಗೇ ಹಿಡೀತೀನಿ. ಬುಟ್ರೆ ಓಗ್ಬುಡ್ತವೆ" ಎಂದು ಮಂಗಳಮ್ಮ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡು, ಜಗಲಿಯಲ್ಲೇ ಕೂತು ನೆಮ್ಮದಿಯಾಗಿ ಉಂಡಳು. ಆಮೇಲೂ ಪ್ರತಿ ಹಬ್ಬಕ್ಕೆ ಬಂದಳು. ಒಳಗೆ ಕರೆಯಬೇಕೆಂದು ಅವರಿಗೆ ಎಷ್ಟೋ ಸಲ ಅನ್ನಿಸಿತು. ಕರೆಯಲಿಲ್ಲ.

*

"ಆಕ್ಕಳಲಾ ಬೆಟ್ಟ" ಎಂದರು ದೊಡ್ಡಮಾದಯ್ಯ. "ಎಲ್ರೂ ಆಕ್ಕಳಿ. ಬಿಸ್ಲು ಜಾಸ್ತಿ ಐತೆ."

ನಾಲ್ವರೂ ಚಪ್ಪಲಿ ಮೆಟ್ಟಿ ಚಟ್ಟ ಎತ್ತಿದರು. ತಮಟೆ ಮತ್ತೆ ಶುರುವಾಯಿತು. ರಸ್ತೆ ಉದ್ದಕ್ಕೂ ಜನ ಸೇರಿಕೊಂಡರು. ಕೋಲೂರಿಕೊಂಡು ಬಂದವರು, ಒಂದು ಕಾಲನ್ನು ಎಳೆದುಕೊಂಡು ಬಂದವರು, ನೆಟ್ಟಗೆ ನಡೆದುಕೊಂಡು ಬಂದವರು. ಬೆಟ್ಟಯ್ಯ ಹೊಲದವರೆಗೂ ಹೆಗಲು ಬದಲಿಸಲಿಲ್ಲ.

ಮಣ್ಣು ಮುಚ್ಚಿದ ಮೇಲೆ ಎಲ್ಲರೂ ಕೈಕಾಲು ತೊಳೆಯಲು ಪಕ್ಕದ ಕಾಲುವೆಗೆ ಇಳಿದರು. ಸಿಂಧು ಬೆಟ್ಟಯ್ಯನನ್ನು ಏರಿಯ ಮೇಲೆ ಕೂರಿಸಿ, ಅಂಗಾಲು, ಬೆರಳ ಸಂದು ಎಲ್ಲ ನೋಡಿದಳು. ಎಲ್ಲೂ ಏನೂ ಆಗಿರಲಿಲ್ಲ.

ತಲೆ ಎತ್ತಿದಾಗ ದೊಡ್ಡಮಾದಯ್ಯ ನೀರಿನಿಂದ ಮೇಲೆ ಬರುತ್ತಿದ್ದರು. ಅವರು ಹತ್ತಿದ ಕಲ್ಲಿನ ಮೇಲೆ ಎಡ ಹಿಮ್ಮಡಿಯ ಒದ್ದೆ ಗುರುತು ಕೆಂಪಗಿತ್ತು.

"ಯಜಮಾನ್ರೆ, ಕಾಲಿಗೆ ಏನಾಗದೆ?"

"ಏನಿಲ್ಲ ಕಣವ್ವ. ಒಡಕು. ಎರಡು ತಿಂಗ್ಳಿಂದ ಐತೆ."

"ಸಿಸ್ಟರ್‌ಗೆ ತೋರಿಸಿದ್ರಾ?"

ಅವರು ಪಂಚೆಯ ಅಂಚನ್ನು ಹಿಮ್ಮಡಿಯವರೆಗೆ ಇಳಿಬಿಟ್ಟರು.

"ನೋಯ್ತದಾ?"

"ಇಲ್ಲ."

ಸಿಂಧು ಅಲ್ಲೇ ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತೊಡೆ ತಟ್ಟಿ ತೋರಿಸಿದಳು. "ಇಡಿ."

ದೊಡ್ಡಮಾದಯ್ಯ ಸುತ್ತ ನೋಡಿದರು. ಹೊಲದ ಕಡೆ, ಹಸಿಮಣ್ಣಿನ ದಿಬ್ಬದ ಕಡೆ ನೋಡಿದರು. ಬೆಟ್ಟಯ್ಯ ಎದ್ದು ಬಂದು ಅವರ ತೋಳು ಹಿಡಿದು ಕೂರಿಸಿದ. ತಲೆಯ ಟವೆಲ್ಲು ಬಿಚ್ಚಿ ಇಬ್ಬರಿಗೂ ಬಿಸಿಲು ಬೀಳದಂತೆ ಅಡ್ಡ ಹಿಡಿದ. ದೊಡ್ಡಮಾದಯ್ಯ ಎರಡೂ ಕೈಯಲ್ಲಿ ತಮ್ಮ ಕಾಲನ್ನು ಎತ್ತಿ, ಮೆಲ್ಲಗೆ, ಆ ಹುಡುಗಿಯ ತೊಡೆಯ ಮೇಲಿಟ್ಟರು.