ಏಳನೇ ಪ್ರಶ್ನೆಯ ಉತ್ತರ ಸೊನ್ನೆ

ಖುಷ್ನುಮಾಳಿಗೆ ಮೌಸ್ ಹಿಡಿಯಲು ಕಲಿಸಿದವಳೇ ನಾನು. ಮೆಕ್ಯಾನಿಕ್ ಉಸ್ಮಾನ್ ಸಾಬರ ಈ ಮಗಳು ಕೊಟ್ಟೂರಿನ ನಮ್ಮ ಕಂಪ್ಯೂಟರ್ ಸೆಂಟರಿಗೆ ಸೇರಿದ್ದು ಎರಡು ಸಾವಿರದ ಒಂದರಲ್ಲಿ. ಮೂರೇ ವರ್ಷಕ್ಕೆ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ತಾನೂ ಪಾಠ ಹೇಳತೊಡಗಿದಳು. ಡೌಟು ಬಂದರೆ ಹುಡುಗಿಯರೆಲ್ಲ ನನ್ನನ್ನು ದಾಟಿ ಅವಳ ಹತ್ತಿರ ಹೋಗುವರು. ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ?

ವೆಬ್‌ಪುಟ ಮಾಡುವುದನ್ನು ಕಲಿಸುವ ಹೊಸ ಕ್ಲಾಸು ಶುರುವಾಗುವುದಿತ್ತು. ಅದು ನನಗೇ ಸಿಗಬೇಕೆಂದು ನನ್ನ ಹಟ. ಮಾಲೀಕರಾದ ಪಂಚಾಕ್ಷರಪ್ಪನವರು ಮಾತ್ರ, ಖುಷ್ನುಮಾ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಕ್ವಿಜ್ ನೋಡಿ ತೀರ್ಮಾನ ಮಾಡುತ್ತೇನೆ ಎಂದರು.

ಅವರು ನೋಡುವ ಹಿಂದಿನ ದಿನವೇ ನಾನು ಅದರ ಹುಳುಕು ಹಿಡಿದಿದ್ದೆ. ಏಳನೇ ಪ್ರಶ್ನೆಯ ಉತ್ತರ ಸೊನ್ನೆ. ಏನೂ ಬರೆಯದೆ ಉತ್ತರದ ಪೆಟ್ಟಿಗೆ ಖಾಲಿ ಬಿಟ್ಟರೂ ಕಂಪ್ಯೂಟರ್ ‘ಸರಿ’ ಎನ್ನುತ್ತಿತ್ತು. ಪ್ರೋಗ್ರಾಮಿನಲ್ಲಿ ಅವಳು ಮಾಡಿದಂತೆ ಎರಡು ಸಮ ಚಿಹ್ನೆ ಹಾಕಿ ಹೋಲಿಸಿದರೆ ಅದು ಖಾಲಿಯನ್ನೂ ಸೊನ್ನೆಯೆಂದೇ ಎಣಿಸುತ್ತದೆ. ಮೂರು ಹಾಕಿದರೆ ಎರಡೂ ಒಂದೇ ಬಗೆಯವೇ ಎಂದು ಬಿಗಿಯಾಗಿ ನೋಡುತ್ತದೆ. ಅವಳಿಗೆ ಹೇಳಬಹುದಿತ್ತು. ಎಲ್ಲರೆದುರು ಹೇಳೋಣವೆಂದು ಬಾಯಿ ಮುಚ್ಚಿಕೊಂಡೆ.

ಮರುದಿನ ಹುಡುಗಿಯರೆಲ್ಲ ಸುತ್ತ ನಿಂತಿದ್ದರು. ಏಳನೇ ಪೆಟ್ಟಿಗೆ ಖಾಲಿ ಬಿಟ್ಟು ಒತ್ತಿದೆ. ‘ಸರಿ’ ಎಂದು ಬಂತು.

“ನೋಡ್ರಿ ಸರ್, ಏನೂ ಬರೀಲಾರದವ್ರಿಗೂ ಮಾರ್ಕ್ಸ್ ಕೊಡ್ತೈತಿ!”

ಖುಷ್ನುಮಾಳ ಮುಖ ಸಣ್ಣದಾಯಿತು. ನನಗೋ ಸ್ವರ್ಗಕ್ಕೆ ಮೂರೇ ಗೇಣು. ಕೀಬೋರ್ಡ್ ಎಳೆದುಕೊಂಡು ಮೂರನೇ ಸಮ ಚಿಹ್ನೆ ನಾನೇ ಹಾಕಿದೆ. ಈಗ ಖಾಲಿ ಪೆಟ್ಟಿಗೆಗೆ ‘ತಪ್ಪು’ ಎಂದಿತು.

“ಸೊನ್ನಿ ಹಾಕಿ ನೋಡ್ರಿ,” ಎಂದರು ಪಂಚಾಕ್ಷರಪ್ಪ.

ಹಾಕಿದೆ. ಅದಕ್ಕೂ ‘ತಪ್ಪು’. ಮತ್ತೆ ಹಾಕಿದೆ. ಮತ್ತೂ ‘ತಪ್ಪು’. ಯಾರೋ ಕಿಸಕ್ಕೆಂದರು. ಯಾಕೆಂದು ನನಗೇ ತಿಳಿಯಲಿಲ್ಲ.

ಖುಷ್ನುಮಾ ಮುಂದೆ ಬಂದಳು. “ಸರ್, ಮೇಡಂ ಬೇಕಂತನ ಹಂಗ ಮಾಡಿ ತೋರ್ಸ್ಯಾರ. ಪೆಟ್ಟಿಗ್ಯಾಗ ಏನ್ ಬರದ್ರೂ ಅಕ್ಷರ ಆಗ್ತೈತ್ರಿ, ಸೊನ್ನಿನೂ ಅಷ್ಟ. ನಮ್ಮ ಉತ್ತರ ಅಂಕಿ. ಮೂರು ಹಾಕಿದ್ರ ಎರಡೂ ಕೂಡಂಗಿಲ್ಲ. ಮೊದ್ಲು ಖಾಲಿ ಐತೇನಂತ ನೋಡಿ, ಆಮ್ಯಾಲ ಅಂಕಿ ಮಾಡ್ಕೊಂಡು ಹೋಲಿಸ್ಬೇಕು. ಹೌದಲ್ರಿ ಮೇಡಂ?”

ಎಲ್ಲರೂ ನನ್ನನ್ನೇ ನೋಡಿದರು. “ಹೂಂ,” ಎಂದೆ.

ಪಂಚಾಕ್ಷರಪ್ಪ ತಲೆದೂಗಿದರು. “ಕಲ್ಸೋದಂದ್ರ ಹಿಂಗಿರ್ಬೇಕು. ಹೊಸ ಕ್ಲಾಸು ನೀವ ತಗೋರಿ ಗಂಗಾಂಬಿಕಾ.”

ಬೇಡವೆನ್ನದೆ ಒಪ್ಪಿಕೊಂಡೆ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ಖುಷ್ನುಮಾ. ಅವತ್ತಿನಿಂದ ಅವಳನ್ನು ಕಂಡರೆ ನನ್ನ ಹೊಟ್ಟೆಕಿಚ್ಚು ಹೆಚ್ಚಾಗಿದೆಯೇ ಹೊರತು ಕಡಿಮೆಯಾಗಿಲ್ಲ.