ಕೊಸರಿಗೆ ಕೊಟ್ಟ ನಾಯಿ

ಒಳಗೆ ಹೋದ ಮೇಲೆ ನಾಯಿಯ ಕಡೆ ನೋಡಲೇಬಾರದು ಎಂದು ಅವನು ಗೇಟಿನ ಹೊರಗೆ ನಿಂತೇ ಮನಸ್ಸು ಗಟ್ಟಿ ಮಾಡಿಕೊಂಡ. ಫ್ಯಾನು ನೋಡಬಹುದು, ಗೋಡೆ ಗಡಿಯಾರ ನೋಡಬಹುದು, ಮೂಲೆಯಲ್ಲಿ ಬೀರು ಇದ್ದರೆ ಬಾಗಿಲು ಎಳೆದು ಕೀಲು ಕಿರುಗುಟ್ಟುತ್ತದೆಯೇ ಎಂದೂ ಪರೀಕ್ಷಿಸಬಹುದು. ನಾಯಿಯನ್ನು ಮಾತ್ರ ನೋಡಬಾರದು. ಬೇಕಾದ ಸಾಮಾನಿನ ಮೇಲೆ ಕಣ್ಣು ಹಾಯಿಸಿದ ಕೂಡಲೇ ಅದರ ಬೆಲೆ ಏರುತ್ತದೆ. ಮೀಸೆ ಮೂಡಿದಾಗಿನಿಂದ ಮೀಸೆ ನೆರೆಯುವವರೆಗೂ ಹಳೇ ಪೀಠೋಪಕರಣ ಕೊಂಡು ಮಾರಿಕೊಂಡು ಬಂದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವನಿಗಿದ್ದ ಭಯ ನಾಯಿಯದೇ. ಅದಕ್ಕೆ ವ್ಯಾಪಾರ ಗೊತ್ತಿಲ್ಲ. ವಾಸನೆ ಸಿಕ್ಕಿದ್ದೇ ಹಾರಿ ಬಂದು ಮೈಮೇಲೆ ಬಿದ್ದು, ಮುಖ ನೆಕ್ಕಿ, ಕುಣಿದು ರಂಪ ಮಾಡಿದರೆ ಗುಟ್ಟು ರಟ್ಟು. ಆಮೇಲೆ ಆ ಹೆಂಗಸು ಬಾಯಿಗೆ ಬಂದ ರೇಟು ಹೇಳುತ್ತಾಳೆ.

ತಪ್ಪು ಮಾತ್ರ ಅವನದೇ, ಅದರಲ್ಲಿ ಎರಡು ಮಾತಿಲ್ಲ. ಹೋದ ವಾರ ಆಕೆ ಅಂಗಡಿಗೆ ಸೋಫಾ ಹುಡುಕಿಕೊಂಡು ಬಂದಿದ್ದಳು. ಕಾರ್ಖಾನೆಯ ಗೇಟಿನ ಎದುರು ಕ್ಯಾಂಟೀನು ನಡೆಸುವವಳು. ದಿನಾ ಬೆಳಗ್ಗೆ ಮಂಡಿಯಲ್ಲಿ ನಿಂತು ಈರುಳ್ಳಿ ಮೂಟೆಗೆ ಚೌಕಾಸಿ ಮಾಡಿ ಪಳಗಿದ ಬಾಯಿ. ಕಂದು ರೆಕ್ಸಿನ್ನಿನ ಸೋಫಾಕ್ಕೆ ಅವನು ಒಂಬತ್ತು ಸಾವಿರ ಅಂದ. ಆಕೆ ನಾಲ್ಕು ಅಂದಳು. ಸ್ಪ್ರಿಂಗು ಒತ್ತಿ ನೋಡಿದಳು, ತೋಳಿನ ಮೇಲಿನ ಸೀಳಿಗೆ ಬೆರಳು ತೂರಿಸಿ ತೋರಿಸಿದಳು, ಎರಡು ಸಲ ಎದ್ದುಹೋಗಿ ಎರಡು ಸಲ ವಾಪಸು ಬಂದಳು. ಎಷ್ಟೋ ವರ್ಷಗಳ ಮೇಲೆ ಸರಿಸಮನಾದ ಜೋಡಿ ಸಿಕ್ಕಿತ್ತು. ಅವನಿಗೆ ಹಿಗ್ಗೋ ಹಿಗ್ಗು. ಕೊನೆಗೆ ಆರೂವರೆ ಸಾವಿರಕ್ಕೆ ಬಂದು ನಿಂತಾಗ ಆಕೆ, "ಸರಿ, ಕೊಸರು ಏನು ಕೊಡ್ತೀರಿ?" ಎಂದಳು. ಸೊಪ್ಪು ಕೊಂಡವಳು ಮೇಲೆ ಒಂದು ಹಿಡಿ ಕೇಳುವ ಹಾಗೆ.

ಅವನು ಅದೇ ಹಿಗ್ಗಿನಲ್ಲಿ, "ಮೇಲೆ ಮಲಗಿದೆಯಲ್ಲ, ಅದೇ ಕೊಸರು. ತಗೊಂಡ್ಹೋಗಿ," ಎಂದುಬಿಟ್ಟ.

ಆಕೆ ನಾಯಿಯನ್ನು ನೋಡಿದಳು. ನಾಯಿ ಒಂದು ಕಣ್ಣು ತೆರೆದು ಆಕೆಯನ್ನು ನೋಡಿತು. "ಸರಿ," ಎಂದಳು.

ಅವನು ನಕ್ಕ, ಟೆಂಪೊದವನೂ ನಕ್ಕ. ಸೋಫಾ ಏರಿಸುವಾಗ ನಾಯಿ ಅದರ ಮೇಲಿಂದ ಇಳಿಯಲಿಲ್ಲ. ಅದರಲ್ಲೇನೂ ಹೊಸದಿರಲಿಲ್ಲ, ಯಾವ ಸಾಮಾನು ಹೋದರೂ ಅದರ ತುದಿಯಲ್ಲಿ ಮೇಸ್ತ್ರಿಯ ಹಾಗೆ ಕೂತು ಹೋಗಿ, ಇಳಿಸಿದ್ದನ್ನು ಮೂಸಿ ನೋಡಿ, ಖಾಲಿ ಟೆಂಪೊದಲ್ಲಿ ವಾಪಸು ಬರುವುದು ಅದರ ಕೆಲಸ. ಅವತ್ತು ಟೆಂಪೊ ಮಾತ್ರ ಬಂತು. ನಾಯಿ ಎಲ್ಲೋ ಎಂದರೆ, "ಆಯಮ್ಮ ಒಳಗೆ ಕರ್ಕೊಂಡು ಬಾಗಿಲು ಹಾಕ್ಕೊಂಡ್ರು. ಕೊಸರು ಅಂದ್ರಲ್ಲ ನೀವು?" ಎಂದು ಟೆಂಪೊದವನು ತಲೆ ಕೆರೆದುಕೊಂಡ. ಮರುದಿನ ಅವನ ಕೈಯಲ್ಲೇ ಹೇಳಿ ಕಳಿಸಿದ್ದಕ್ಕೆ, ಕೊಟ್ಟ ಕೊಸರನ್ನು ವಾಪಸು ಕೇಳುವ ಅಂಗಡಿ ಇದೇ ಮೊದಲು ನೋಡಿದ್ದು ಎಂದು ಉತ್ತರ ಬಂತು.

ಮನೆಯಲ್ಲಿ ಅಕ್ಕ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಂಡ ತೀರಿಕೊಂಡ ಮೇಲೆ ಅವಳು ಇವನ ಜತೆಗೇ ಇದ್ದಳು. ಅಂಗಡಿಯ ಹಣವೆಲ್ಲ ಅವಳ ಟ್ರಂಕಿನಲ್ಲೇ. ಯಾರೋ ಮನೆ ಖಾಲಿ ಮಾಡುವಾಗ ಕೊಂಡುತಂದ ದಿವಾನ್ ಮಂಚದ ಪೆಟ್ಟಿಗೆಯೊಳಗೆ ಕಣ್ಣು ಬಿಡದ ಮರಿಯೊಂದು ಸಿಕ್ಕಾಗ, ಹತ್ತಿ ಬತ್ತಿಯಲ್ಲಿ ಹಾಲು ಚೀಪಿಸಿ ಬದುಕಿಸಿ, ದಿವಾನ ಎಂದು ಹೆಸರಿಟ್ಟವಳೂ ಅವಳೇ. ಈಗ ಅವಳು ಮೂವರಿಗೆ ಆಗುವಷ್ಟೇ ಅಡುಗೆ ಮಾಡುತ್ತಿದ್ದಳು. ಮೂರನೆಯ ಪಾಲನ್ನು ತುಟಿ ಬಿಚ್ಚದೆ ತಮ್ಮನ ತಟ್ಟೆಗೇ ಬಡಿಸುತ್ತಿದ್ದಳು. ಅವನೂ ತುಟಿ ಬಿಚ್ಚದೆ ನಾಯಿಯ ಪಾಲು ತಿಂದು ಏಳುತ್ತಿದ್ದ. ಈ ಶಿಕ್ಷೆಯನ್ನು ಹೊಟ್ಟೆಯೂ ತಡೆಯಲಿಲ್ಲ, ಮನಸ್ಸೂ ತಡೆಯಲಿಲ್ಲ. ಇವತ್ತು ಅಂಗಡಿಯ ಷಟರು ಅರ್ಧ ಎಳೆದು ಹೊರಟುಬಂದಿದ್ದ.

ಬಾಗಿಲು ತೆರೆದೇ ಇತ್ತು. ಆಕೆ ಆಗಷ್ಟೇ ಕ್ಯಾಂಟೀನು ಮುಚ್ಚಿ ಬಂದವಳು ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಳ್ಳುತ್ತಿದ್ದಳು. ಒಬ್ಬಳೇ ಇರುವ ಮನೆ, ಒಂದೇ ಕೋಣೆ. ಪಾತ್ರೆಗಳು ಮಾತ್ರ ನೂರು ಜನರ ಅಳತೆಯವು. ತೊಟ್ಟಿಲಿನಷ್ಟು ದೊಡ್ಡ ಬಾಣಲೆಯೊಂದು ಗೋಡೆಗೆ ಒರಗಿತ್ತು.

"ಬನ್ನಿ ಸಾಹುಕಾರ್ರೆ. ಸೋಫಾ ನೀವು ಹೇಳಿದಷ್ಟು ಚೆನ್ನಾಗಿಲ್ಲ, ನಾನು ಅಂದ್ಕೊಂಡಷ್ಟು ಕೆಟ್ಟದಾಗೂ ಇಲ್ಲ," ಎಂದಳು.

ಅವನು ಸ್ಟೂಲಿನ ಮೇಲೆ ಕೂತ. ಕಡೆಗಣ್ಣಿಗೆ ಸೋಫಾ ಬಿತ್ತು, ಅದರ ಮೇಲಿದ್ದ ಹಳೇ ಹೊದಿಕೆಯೂ ಬಿತ್ತು. ಹೊದಿಕೆಯ ಕೆಳಗಿಂದ ಬಾಲವೊಂದು ರೆಕ್ಸಿನ್ನಿಗೆ ಟಪ್ ಟಪ್ ಎಂದು ಬಡಿದು ಸುಮ್ಮನಾಯಿತು. ಅಷ್ಟೇ. ಹಾರಲಿಲ್ಲ, ಬೊಗಳಲಿಲ್ಲ, ರಂಪ ಮಾಡಲಿಲ್ಲ. ಅವನಿಗೆ ಬೇಕಾದದ್ದೂ ಅದೇ. ಆದರೂ ಎದೆಯಲ್ಲಿ ಮೊಳೆಯ ತುದಿ ತಾಗಿದ ಹಾಗಾಯಿತು. ಒಂದು ವಾರಕ್ಕೇ ಮರೆತುಬಿಟ್ಟಿತೇ, ಬೇವರ್ಸಿ ನಾಯಿ, ಎಂದುಕೊಂಡು ಗಡಿಯಾರ ನೋಡುತ್ತ ಕೂತ.

ಮೊದಲು ಮೂಲೆಯಲ್ಲಿದ್ದ ಬೀರುವಿನ ಮಾತು ತೆಗೆದ. ಕೊಡುವುದಾದರೆ ನೋಡೋಣ ಎಂದ. ಕೊಡುವುದಿಲ್ಲ ಎಂದಳು. ಬಾಣಲೆಯ ಮಾತಾಡಿದ. ಸೆಕೆಯ ಮಾತಾಡಿದ. ಆಮೇಲೆ ಈಗ ನೆನಪಾದವನಂತೆ, ಆ ನಾಯಿ ತಮಗೆ ತೊಂದರೆ ಕೊಡುತ್ತಿರಬೇಕು, ಬೇಕಾದರೆ ಒಯ್ದುಬಿಡುತ್ತೇನೆ, ಬದಲಿಗೆ ಒಂದು ಒಳ್ಳೇ ಟೀಪಾಯಿ ಕಳಿಸುತ್ತೇನೆ ಎಂದ. ಆಕೆ ಟವೆಲಿನಿಂದ ಕೈ ಒರೆಸುತ್ತ ಅವನನ್ನೇ ನೋಡುತ್ತಿದ್ದಳು. ಅವನು ಗಡಿಯಾರದತ್ತಲೇ ಮುಖ ಮಾಡಿ ನಾಯಿಯ ದೋಷಗಳನ್ನು ಶುರುಮಾಡಿದ. ಗೊರಕೆ ಹೊಡೆಯುತ್ತದೆ. ಕೂದಲು ಉದುರಿಸುತ್ತದೆ. ಗುಡುಗಿದರೆ ಬೀರುವಿನ ಹಿಂದೆ ಸೇರಿ ಉಚ್ಚೆ ಹೊಯ್ದುಕೊಳ್ಳುತ್ತದೆ. ಕಳ್ಳ ಬಂದರೆ ಅವನ ಜತೆ ಸಾಮಾನು ಹೊರುವುದೊಂದು ಬಾಕಿ.

ಆಕೆ ಒಂದನ್ನೂ ಅಲ್ಲಗಳೆಯಲಿಲ್ಲ. ತನ್ನ ಕಡೆಯಿಂದ ಇನ್ನಷ್ಟು ಸೇರಿಸಿದಳು. ಚಪ್ಪಲಿ ಕಚ್ಚುತ್ತದೆ, ಅದೂ ಎಡಗಾಲಿನದೇ. ಊಟ ತಟ್ಟೆಗೆ ಹಾಕಿದರೆ ಮುಟ್ಟದು, ನೆಲದ ಮೇಲೆ ಸುರಿಯಬೇಕು. ಹೆಸರು ಹಿಡಿದು ಕರೆದರೆ ಬರುವುದಿಲ್ಲ, ತಾನು ಮಂತ್ರಿ ಅಂದುಕೊಂಡಿದೆ.

"ಹೆಸರು ಬೇರೆ ಇಟ್ಟಿದ್ದೀರಾ?"

"ಕೊಸರು. ಇನ್ನೇನು ಇಡ್ಲಿ?"

ಬಾಲ ಮತ್ತೆ ಎರಡು ಸಲ ಬಡಿಯಿತು. ಆಗ ಅವನಿಗೆ ವಿಷಯ ಹೊಳೆಯಿತು. ಕೊಳ್ಳುವವನು ಸಾಮಾನು ಹಳಿಯುತ್ತಾನೆ, ಮಾರುವವನು ಹೊಗಳುತ್ತಾನೆ. ಪ್ರಪಂಚದಲ್ಲೆಲ್ಲ ನಡೆಯುವುದೇ ಹೀಗೆ. ಇಲ್ಲಿ ಇಬ್ಬರೂ ಹಳಿಯುತ್ತಿದ್ದಾರೆ. ಅಂದರೆ ಇಲ್ಲಿ ಮಾರುವವರೇ ಇಲ್ಲ. ತಾನು ಸೋತೆ ಎಂದು ಗೊತ್ತಾಗಿ, ಅವನು ಜೀವಮಾನದಲ್ಲಿ ಎಂದೂ ಆಡದ ಮಾತನ್ನು ಆಡಿದ.

"ನೋಡೀಮ್ಮಾ, ಚೌಕಾಸಿ ಬೇಡ. ನೀವೇ ಹೇಳಿ ಎಷ್ಟು ಅಂತ. ಹೇಳಿದಷ್ಟು ಕೊಡ್ತೀನಿ."

"ಹೀಗೆ ವ್ಯಾಪಾರ ಮಾಡಿದ್ರೆ ಅಂಗಡಿ ಮುಚ್ಚಬೇಕಾಗುತ್ತೆ."

"ಮುಚ್ಲಿ. ಹೇಳಿ."

ಆಕೆಯ ಮುಖ ಬಿಗಿಯಿತು. "ಬೆಳಗಿಂದ ನೂರು ಜನ ಬರ್ತಾರೆ, ನೂರು ಜನಕ್ಕೂ ಎದ್ದು ಬಡಿಸ್ತೀನಿ. ನಾನು ಮನೆಗೆ ಬಂದಾಗ ನನಗೋಸ್ಕರ ಎದ್ದು ಬಂದಿದ್ದು ಅದೊಂದೇ," ಎಂದಳು. ಟವೆಲು ಹೆಗಲಿಗೆ ಹಾಕಿಕೊಂಡು, "ಇಪ್ಪತ್ತು ಸಾವಿರ. ಒಂದು ಕಾಸು ಕಡಿಮೆ ಇಲ್ಲ," ಎಂದಳು. ಅವನು ಎದ್ದು ಹೋಗಲಿ ಎಂದೇ ಹೇಳಿದ ರೇಟು ಅದು. ಅವನಿಗೂ ಗೊತ್ತಾಯಿತು.

ಅವನು ಎದ್ದು ಸೀದಾ ಮನೆಗೆ ಹೋದ. ಹೋಗುವ ದಾರಿಯುದ್ದಕ್ಕೂ ಅಕ್ಕನಿಗೆ ಹೇಗೆ ಹೇಳುವುದೆಂದು ಯೋಚಿಸಿದ. ಮುಚ್ಚಲಿರುವ ಲಾಡ್ಜೊಂದರ ಮಂಚ ಮೇಜುಗಳನ್ನು ಒಟ್ಟಿಗೆ ಕೊಳ್ಳಲು ಇಬ್ಬರೂ ಸೇರಿ ಕೂಡಿಟ್ಟ ಹಣ ಟ್ರಂಕಿನಲ್ಲಿತ್ತು. ವಾರದೊಳಗೆ ಮುಂಗಡ ಕೊಡಬೇಕು. ಅದರಲ್ಲಿ ಇಪ್ಪತ್ತು ತೆಗೆದರೆ ಲಾಡ್ಜಿನ ಮಾತು ಅಲ್ಲಿಗೇ ಮುಗಿಯಿತು. ಅಕ್ಕ ನಿಂಬೆಹಣ್ಣಿಗೂ ಮೂರು ಅಂಗಡಿ ತಿರುಗುವವಳು.

ಹೊಸಿಲಿನಲ್ಲಿ ನಿಂತೇ ಹೇಳಿದ. ಅಕ್ಕ ಕೇಳಿಸಿಕೊಂಡಳು. ಸೆರಗಿನ ತುದಿಯ ಬೀಗದಕೈ ಬಿಚ್ಚಿ ಟ್ರಂಕು ತೆಗೆದು ಎಣಿಸತೊಡಗಿದಳು. ಎಣಿಕೆ ಇಪ್ಪತ್ತು ದಾಟಿತು.

"ಇಪ್ಪತ್ತೇ ಅಂದದ್ದು ಅಕ್ಕ."

"ಗೊತ್ತು. ನೀನು ಬರೋದ್ರೊಳಗೆ ಅವಳು ರೇಟು ಏರಿಸಿದ್ರೆ ಮತ್ತೆ ಚೌಕಾಸಿ ಮಾಡ್ತಾ ನಿಂತ್ಕೋಬೇಡ ಅಂತ." ವಾರದ ಮೇಲೆ ಅವಳು ಅವನೊಂದಿಗೆ ಆಡಿದ ಮೊದಲ ಮಾತು ಅದು. ಆಮೇಲೆ ಚಪ್ಪಲಿ ಮೆಟ್ಟಿಕೊಂಡಳು. "ನಡಿ, ನಾನೂ ಬರ್ತೀನಿ. ನಿನ್ನೊಬ್ಬನ್ನೇ ಬಿಟ್ರೆ ಹದಿನೆಂಟಕ್ಕೆ ಇಳಿಸೋಕೆ ಹೋಗಿ ಬರಿಗೈಲಿ ಬರ್ತೀಯ."

ಇಬ್ಬರೂ ಹೋದಾಗ ಸಂಜೆ ಇಳಿಯುತ್ತಿತ್ತು. ಬಾಗಿಲು ತೆಗೆದ ಆಕೆ ಇವನನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದಳು. ವಾಪಸು ಬರುತ್ತಾನೆಂದು ಎಣಿಸಿರಲಿಲ್ಲ. ಅವನು ಹಣದ ಕಟ್ಟನ್ನು ಸ್ಟೂಲಿನ ಮೇಲಿಟ್ಟ. ಅಕ್ಕ ಹಣವನ್ನೂ ನೋಡಲಿಲ್ಲ, ಆಕೆಯನ್ನೂ ನೋಡಲಿಲ್ಲ. ನೆಟ್ಟಗೆ ಸೋಫಾದ ಹತ್ತಿರ ಹೋಗಿ ಮೊಣಕಾಲೂರಿ ಕೂತಳು. ನಾಯಿ ಕತ್ತೆತ್ತಿ ಕುಂಯ್‌ಗುಡುತ್ತ ಅವಳ ಕೈ, ಮೂಗು, ಕಿವಿ ನೆಕ್ಕಿತು. ಏಳಲು ಹೋಯಿತು. ಏಳಲಿಲ್ಲ.

"ಇದೇನೋ ಇದು ದಿವಾನ, ಕಾಲಿಗೆ ಏನು ಮಾಡ್ಕೊಂಡ್ಯೋ?" ಎಂದಳು ಅಕ್ಕ.

ಹೊದಿಕೆ ಸರಿದಿತ್ತು. ಹಿಂಗಾಲಿಗೆ ತೊಡೆಯಿಂದ ಪಾದದವರೆಗೆ ದಪ್ಪ ಬಿಳೀ ಕಟ್ಟು. ಅವನು ಬಾಯಿ ತೆರೆದುಕೊಂಡು ನೋಡಿದ. ಮಧ್ಯಾಹ್ನ ಅದೇ ಕೋಣೆಯಲ್ಲಿ, ಅದೇ ನಾಯಿಯಿಂದ ಎರಡು ಮಾರು ದೂರದಲ್ಲಿ, ಒಂದು ಲೋಟ ಚಹಾ ಆರುವಷ್ಟು ಹೊತ್ತು ಕೂತಿದ್ದ.

"ಮಧ್ಯಾಹ್ನನೇ ಕೇಳ್ತೀರೇನೋ ಅಂತ ಕಾದೆ," ಎಂದಳು ಆಕೆ ಅವನಿಗೆ. "ಗಡಿಯಾರ ನೋಡ್ತಾನೇ ಇದ್ರಿ. ಒಂದು ಸಲನಾದ್ರೂ ಅದರ ಕಡೆ ನೋಡಿದ್ರಾ? ಅದಕ್ಕೇ ಸಿಟ್ಟು ಬಂದು ಇಪ್ಪತ್ತು ಅಂದೆ."

ಆಮೇಲೆ ಅಕ್ಕನ ಕಡೆ ತಿರುಗಿ ಎಲ್ಲ ಹೇಳಿದಳು. ಮೊದಲೆರಡು ದಿನ ಚೆನ್ನಾಗಿಯೇ ಇತ್ತಂತೆ. ಆಕೆ ಬಂದರೆ ಎದ್ದು ಬಾಗಿಲಿಗೆ ಬರುತ್ತಿತ್ತಂತೆ. ಮೂರನೆಯ ಬೆಳಗ್ಗೆ ಹಾಲಿನವನಿಗೆ ಗೇಟು ತೆಗೆದಾಗ ನುಸುಳಿ ಓಡಿತು. ದೊಡ್ಡ ರಸ್ತೆ ಮುಟ್ಟಿದಾಗ ಸ್ಕೂಟರಿಗೆ ಸಿಕ್ಕಿತು. ಎರಡು ಕಡೆ ಮೂಳೆ ಮುರಿದಿತ್ತು.

"ಯಾವ ಕಡೆಗೆ ಓಡ್ತಾ ಇತ್ತು?" ಎಂದು ಅವನು ಕೇಳಿದ.

"ನಿಮ್ಮ ಅಂಗಡಿ ಕಡೆಗೆ, ಇನ್ಯಾವ ಕಡೆಗೆ."

ಅವನು ಹಣ ತಂದಿದ್ದ ಕೈಚೀಲದ ಹಿಡಿಯನ್ನು ಸರಿಮಾಡಿಕೊಂಡ. ಅದು ಸರಿಯಾಗಿಯೇ ಇತ್ತು. ಅಕ್ಕ ಡಾಕ್ಟರ ಮಾತು ತೆಗೆದಳು. ಆಕೆ ನಾಯಿಯನ್ನು ತರಕಾರಿ ಬುಟ್ಟಿಯಲ್ಲಿ ಹೊತ್ತುಕೊಂಡು ಹೋದಳಂತೆ. ಬೀದಿ ತಳಿ, ವಯಸ್ಸೂ ಆಗಿದೆ, ಇಂಥದಕ್ಕೆ ಜನ ಇಷ್ಟರವರೆಗೆ ಮಾತ್ರ ಖರ್ಚು ಮಾಡುತ್ತಾರೆ, ನೀವು ಎಷ್ಟರವರೆಗೆ ಹೋಗುತ್ತೀರಿ ಎಂದು ಡಾಕ್ಟರು ಮೊದಲೇ ಕೇಳಿದರಂತೆ.

"ನೀವೇನಂದ್ರಿ?" ಎಂದಳು ಅಕ್ಕ.

"ಮೊದಲು ಕಾಲು ಜೋಡಿಸಿ, ಚೌಕಾಸಿ ಆಮೇಲೆ ಅಂದೆ. ಆಮೇಲೆ ಮಾಡ್ದೆ. ಮುನ್ನೂರು ಬಿಟ್ರು."

"ಒಟ್ಟು ಎಷ್ಟಾಯ್ತು?" ಎಂದ ಅವನು.

"ಅದು ನಿಮಗ್ಯಾಕೆ?" ಎಂದಳು ಆಕೆ. "ಒಂದು ತಿಂಗಳು ನೆಲಕ್ಕೆ ಕಾಲೂರಬಾರದಂತೆ. ಅಲುಗಾಡಿಸಲೂಬಾರದಂತೆ. ಹಣ ತಂದಿದ್ದೀರಿ, ಆಡಿದ ಮಾತು ನಾನು ತಪ್ಪಲ್ಲ. ಒಯ್ಯೋದಾದ್ರೆ ಹೇಗೆ ಒಯ್ತೀರೋ ನೀವೇ ನೋಡ್ಕೊಳ್ಳಿ."

ಅವನು ಅಕ್ಕನ ಮುಖ ನೋಡಿದ. ಅಕ್ಕ ಅವನ ಮುಖ ನೋಡಲಿಲ್ಲ. ಅವಳು ಕಟ್ಟಿನ ಅಂಚಿನಲ್ಲಿ ಬೆರಳಾಡಿಸಿ, ಬಿಗಿಯಾಯಿತೇನೋ ಎಂದಳು. ಇಲ್ಲ, ಅಷ್ಟು ಬಿಗಿ ಇರಲೇಬೇಕಂತೆ, ಎಂದಳು ಆಕೆ, ತಾನೂ ಬಂದು ಪಕ್ಕದಲ್ಲಿ ಕೂತು. ಊಟ ಮಾಡುತ್ತಾನೆಯೇ? ಮಾಡುತ್ತಾನೆ, ಆದರೆ ನೆಲದ ಮೇಲೆ ಸುರಿಯಬೇಕು. ನೆಲ ಅಲ್ಲ ಕಣಮ್ಮ, ಸ್ಟೀಲಿನ ತಟ್ಟೆ ಸದ್ದು ಮಾಡಿದರೆ ಅವನಿಗೆ ಆಗದು, ಬಿದಿರಿನ ಮೊರದಲ್ಲಿ ಹಾಕಿ ನೋಡಿ. ಹೌದಾ? ಹೌದು. ಮೊದಲಿಂದಲೂ ಹಾಗೇ. ನಾಳೆ ನಾನೇ ತರುತ್ತೇನೆ ಬಿಡಿ, ನೀವು ಕ್ಯಾಂಟೀನಿಗೆ ಹೋದಾಗ ಹಗಲು ಯಾರಿರುತ್ತಾರೆ ಅವನ ಹತ್ತಿರ? ಯಾರೂ ಇಲ್ಲ, ಅದೇ ಒಂದು ಯೋಚನೆ ನನಗೂ.

ಮಾತು ಹಾಗೇ ಸಾಗಿತು. ಅವನಿಗೆ ಕೂರಲು ಜಾಗವಿರಲಿಲ್ಲ. ಸ್ಟೂಲಿನ ಮೇಲೆ ಹಣವಿತ್ತು. ಸೋಫಾದ ಉದ್ದಕ್ಕೂ ನಾಯಿಯಿತ್ತು. ಅವನೂ ನೆಲದ ಮೇಲೆ ಗೋಡೆಗೊರಗಿ ಕೂತ. ಫ್ಯಾನಿನ ಗಾಳಿಗೆ ಮೇಲಿನ ನೋಟೊಂದು ಎದ್ದೆದ್ದು ಬೀಳುತ್ತಿತ್ತು. ಆಕೆ ಮಾತು ನಿಲ್ಲಿಸದೆಯೇ ಕೈ ಚಾಚಿ ಖಾಲಿ ಲೋಟವೊಂದನ್ನು ಅದರ ಮೇಲೆ ಬೋರಲು ಹಾಕಿದಳು.

ಅವನು ನಾಯಿಯನ್ನು ನೋಡುತ್ತ ಕೂತ. ಅದಕ್ಕೆ ಆಗಲೇ ನಿದ್ದೆ ಹತ್ತಿತ್ತು. ಸ್ವಲ್ಪ ಹೊತ್ತಿಗೆ ಮೀಸೆ ಅದುರಿತು, ಗಂಟಲಲ್ಲಿ ಸಣ್ಣ ಬೊಗಳು ಹುಟ್ಟಿ ಅಲ್ಲೇ ಇಂಗಿತು, ಮುಂಗಾಲು ಗಾಳಿಯಲ್ಲಿ ಓಡತೊಡಗಿತು. ಹೆಂಗಸರಿಬ್ಬರೂ ಮಾತು ನಿಲ್ಲಿಸಿ ತಿರುಗಿದರು. ಕನಸಿನಲ್ಲಿ ಅದು ಎಲ್ಲಿಗೋ ಜೋರಾಗಿಯೇ ಹೊರಟಿತ್ತು. ಕಟ್ಟು ಹಾಕಿದ ಕಾಲೂ ಮಿಕ್ಕ ಮೂರರ ಜತೆ ಮೆಲ್ಲಗೆ ಓಡುತ್ತಿತ್ತು.